ಅಳು ನಿಂತ ಮೇಲೆ

ವಿಲೆ ಪಾರ್ಲೆ ಈಸ್ಟಿನ ಹಳೆಯ ಬಿಲ್ಡಿಂಗೊಂದರಲ್ಲಿ, ಗ್ರೌಂಡ್ ಫ್ಲೋರಿನ ಎದುರುಬದುರಿನ ಎರಡು ಫ್ಲ್ಯಾಟು ಹಿಡಿದು ನೇತ್ರಾ ಡೇ ಕೇರ್ ನಡೆಸುತ್ತಿದ್ದರು. ಎಡಗಡೆಯ ಫ್ಲ್ಯಾಟು ಎರಡು ವರ್ಷದೊಳಗಿನ ಕೂಸುಗಳದು, ಬಲಗಡೆಯದು ಅದಕ್ಕಿಂತ ದೊಡ್ಡ ಮಕ್ಕಳದು. ನಡುವಿನ ಪ್ಯಾಸೇಜಿನಲ್ಲಿ ಚಪ್ಪಲಿ ಸ್ಟ್ಯಾಂಡು. ವನಮಾಲಾ ಎಡಗಡೆಯ ಫ್ಲ್ಯಾಟಿನ ಕೂಸುಗಳನ್ನು ನೋಡಿಕೊಳ್ಳುವವಳು.

ಅವಳ ಮೂಲ ಧಾರವಾಡ. ವಯಸ್ಸು ನಲವತ್ತು ದಾಟಿತ್ತು. ಮದುವೆ ಆಗಿರಲಿಲ್ಲ. ಬೇಡವೆಂದು ಯಾರೂ ತೀರ್ಮಾನಿಸಿದ್ದಲ್ಲ. ಒಂದೊಂದು ವರ್ಷ ಒಂದೊಂದು ಕಾರಣಕ್ಕೆ ಮುಂದೆ ಹೋಗಿ ಹೋಗಿ ಆ ಮಾತೇ ಮನೆಯಲ್ಲಿ ನಿಂತುಹೋಗಿತ್ತು. ಅಪ್ಪ ಜೋಗೇಶ್ವರಿಯ ಪ್ಲಾಸ್ಟಿಕ್ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆಂದು ಬಂದವರು. ಅವರು ಹೋದ ಮೇಲೆ ತಾಯಿ ನಾಗವ್ವ, ಮಗಳು ಇಬ್ಬರೇ ಚಾಳಿನ ಒಂದು ಕೋಣೆಯಲ್ಲಿ ಉಳಿದರು. ಹೋದ ಶ್ರಾವಣದಲ್ಲಿ ನಾಗವ್ವನೂ ತೀರಿಕೊಂಡಳು. ಚಾಳಿನವರು ಒಳ್ಳೆಯವರೇ. ನೀರು ಬಂದಾಗ ಅವಳ ಕೊಡವನ್ನೂ ತುಂಬಿಸಿಡುತ್ತಿದ್ದರು, ಹಬ್ಬಕ್ಕೆ ತಟ್ಟೆ ಕಳಿಸುತ್ತಿದ್ದರು. ಆದರೆ ಸಂಜೆ ಬಂದು ಬಾಗಿಲು ಹಾಕಿಕೊಂಡರೆ, ಇಡೀ ದಿನ ಹಿಂದಿಯಲ್ಲಿ ಮರಾಠಿಯಲ್ಲಿ ಎಷ್ಟು ಮಾತಾಡಿದ್ದರೂ, ತಾನು ಇವತ್ತು ಯಾರ ಜೊತೆಗೂ ಮಾತಾಡಲೇ ಇಲ್ಲ ಅನಿಸುತ್ತಿತ್ತು.

ಕೂಸುಗಳ ಜೊತೆ ಮಾತ್ರ ಅವಳು ಧಾರವಾಡದ ಕನ್ನಡದಲ್ಲೇ ಮಾತಾಡುತ್ತಿದ್ದಳು. ನೇತ್ರಾ ಅದಕ್ಕೆ ಬೇಡವೆಂದಿರಲಿಲ್ಲ. ಅವರೂ ಬೆಂಗಳೂರಿನವರು, ಬ್ಯಾಂಕಿನ ಕೆಲಸ ಬಿಟ್ಟು ಇದನ್ನು ಶುರುಮಾಡಿದವರು. "ನೀವು ಯಾವ ಭಾಷೆಲಾದ್ರೂ ಮಾತಾಡಿ, ಆದ್ರೆ ಮಾತಾಡ್ತಾ ಇರಿ" ಎಂದಿದ್ದರು. ಅವರ ಡೇ ಕೇರಿನಲ್ಲಿ ಟೀವಿ ಇರಲಿಲ್ಲ. ನೆಲದ ಮೇಲೆ ಚಾಪೆ, ಸ್ಟೀಲಿನ ಬಟ್ಟಲು, ಸೌಟು, ಹಳೆಯ ಓಢಣಿಗಳು, ಮುಚ್ಚಳ ಬಿಗಿದ ಬಾಟಲಿಯೊಳಗೆ ಹೆಸರುಕಾಳು. ನೋಡಲು ಬಂದ ತಂದೆತಾಯಿಗಳು ಬಣ್ಣದ ಆಟಿಕೆ ಎಲ್ಲಿ ಎಂದು ಕೇಳುತ್ತಿದ್ದರು. ಮಕ್ಕಳು ಯಾವತ್ತೂ ಕೇಳಿರಲಿಲ್ಲ.

ಇಲ್ಲಿ ದೊಡ್ಡವರೆಲ್ಲ ಅವಳನ್ನು ವನಮಾಲಾ ತಾಯಿ ಎನ್ನುತ್ತಿದ್ದರು, ಬಲಗಡೆಯ ಮಕ್ಕಳು ಟೀಚರ್ ಎನ್ನುತ್ತಿದ್ದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಅದು ಗೊತ್ತಿದ್ದೂ, ಮೊದಲ ಕೆಲವು ತಿಂಗಳು ಯಾರಾದರೂ ಹಾಗೆ ಕರೆದಾಗ ಅವಳು ಒಂದು ಕ್ಷಣ ತಡೆದೇ ತಿರುಗುತ್ತಿದ್ದಳು.

ಕಿಟ್ಟು ಬಂದಾಗ ಇನ್ನೂ ಅಂಬೆಗಾಲಿಡುತ್ತಿದ್ದ. ಅವನ ಅಮ್ಮ ಸ್ನೇಹಲ್ ಬೆಳಗಾವಿಯ ಮರಾಠಿ ಮನೆಯ ಹುಡುಗಿ, ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲಿ ಕೆಲಸ. ಗಂಡ ವಿಕ್ರಂ ಕಂಪನಿಯ ಕೆಲಸದ ಮೇಲೆ ವಾರಗಟ್ಟಲೆ ಊರೂರು ಸುತ್ತುವವನು. ಯೂನಿಫಾರ್ಮಿನ ಸೀರೆಯ ಮೇಲೆ ಮಗುವನ್ನು ಎತ್ತಿಕೊಂಡು ಬಂದ ಸ್ನೇಹಲ್, ಮೊದಲ ದಿನ ಬಾಗಿಲಲ್ಲೇ ನಿಂತು, "ಇವಾ ಏನೂ ತಿನ್ನೂದಿಲ್ಲ ತಾಯಿ. ಬಾಯಿ ಮುಚ್ಚಿಬಿಡತಾನ. ಕಾಯ್ ಕರೂ, ಏನ್ ಮಾಡೂದೋ ತಿಳೀವಲ್ದು" ಎಂದು ಅತ್ತಿದ್ದಳು.

ನಿಜವೇ. ಚಮಚ ಹತ್ತಿರ ಬಂದರೆ ಕಿಟ್ಟು ತುಟಿ ಬಿಗಿದು ಮುಖ ತಿರುಗಿಸುತ್ತಿದ್ದ. ವನಮಾಲಾ ಒಂದೆರಡು ದಿನ ಒತ್ತಾಯ ಮಾಡದೆ ನೋಡಿದಳು. ಅವನ ಕಣ್ಣು ಅನ್ನದ ಮೇಲಿರಲಿಲ್ಲ, ಚಮಚದ ಮೇಲಿತ್ತು. ಅವಳು ಇನ್ನೊಂದು ಚಮಚ ತಂದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಬೇಳೆಯನ್ನದಲ್ಲಿ ಅದ್ದಿದ, ಕಿವಿಗೆ ಒರೆಸಿಕೊಂಡ, ನೆಲಕ್ಕೆ ಬಡಿದ. ಆ ಗಲಾಟೆಯ ನಡುವೆ ಅವಳ ಚಮಚಕ್ಕೆ ಬಾಯಿ ತೆರೆದ. ಅವತ್ತು ಊಟ ಮುಗಿದಾಗ ಅವನ ತಲೆಯಿಂದ ಚಾಪೆಯವರೆಗೆ ಅನ್ನವೇ ಅನ್ನ. ಸ್ನಾನ ಮಾಡಿಸಿದಂತೆ ತೊಳೆಯಬೇಕಾಯಿತು.

ಡೈಪರ್ ಬದಲಿಸುವಾಗಲೂ ಅವಳಿಗೆ ಅವಸರವಿರಲಿಲ್ಲ. "ಈಗ ಕಾಲ ಎತ್ತತೀನಿ, ಹಾಂ?" ಎಂದು ಹೇಳಿ ಕಾಯುತ್ತಿದ್ದಳು. ಅವನು ಸ್ವಲ್ಪ ಯೋಚಿಸಿದಂತೆ ಮಾಡಿ ತಾನೇ ಕಾಲು ಎತ್ತುತ್ತಿದ್ದ. "ಶಾಣ್ಯಾ! ಇನ್ನೊಂದ ಕಾಲ ಎಲ್ಲಿ?" ಅದನ್ನೂ ಎತ್ತುತ್ತಿದ್ದ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಸಾಧನಾ, ಇಪ್ಪತ್ತನಾಲ್ಕರ ಹುಡುಗಿ, ಅದನ್ನು ನೋಡಿ ನಗುತ್ತಿದ್ದಳು. "ತಾಯಿ, ಇಷ್ಟು ಟೈಮ್ ಯಾರು ಕೊಡ್ತಾರೆ, ಕೌನ್ ದೇತಾ ಹೈ?" ಸಾಧನಾಳ ಅಜ್ಜ ಅಜ್ಜಿ ಕಾರವಾರದವರು, ಅವಳಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ಹೋದರೆ ಅರ್ಧಕ್ಕೆ ಹಿಂದಿಗೆ ಜಾರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಕಿಟ್ಟು ನಡೆಯತೊಡಗಿದ್ದ. ಬೆಳಗ್ಗೆ ಬಾಗಿಲು ತೆರೆದೊಡನೆ ಅಮ್ಮನ ಕಂಕುಳಿಂದ ಜಾರಿ, ಎರಡೂ ಕೈ ಮುಂದೆ ಚಾಚಿ, ಬಿದ್ದೆನೋ ಬಿದ್ದೆನೋ ಎಂಬಂತೆ ವನಮಾಲಾಳ ಕಡೆ ಬರುತ್ತಿದ್ದ. ಜೋಗೇಶ್ವರಿ ಸ್ಟೇಷನ್ನಿನಲ್ಲಿ ಲೋಕಲ್ಲಿನ ಲೇಡೀಸ್ ಡಬ್ಬಿಗೆ ನುಗ್ಗುವಾಗ, ಅಂಧೇರಿಯಲ್ಲಿ ಇಳಿಯುವವರ ನಡುವೆ ಜಜ್ಜಿಹೋಗುವಾಗ, ಅವಳು ಆ ಎರಡು ಕೈಗಳನ್ನೇ ನೆನೆಯುತ್ತಿದ್ದಳು. ಭಾನುವಾರ ಅವಳಿಗೆ ಬಹಳ ಉದ್ದವಾಗತೊಡಗಿತು.

ಹೊಸ ನಿಯಮದ ಮಾತನ್ನು ನೇತ್ರಾ ಒಂದು ಶುಕ್ರವಾರ ಮಕ್ಕಳೆಲ್ಲ ಹೋದ ಮೇಲೆ ಎತ್ತಿದರು. ಇನ್ನು ಮೇಲೆ ಯಾರೂ ಒಂದೇ ಕೋಣೆಯಲ್ಲಿ ಉಳಿಯುವುದಿಲ್ಲ. ತಿಂಗಳಿಗೊಮ್ಮೆ ಬದಲಿ. ಎಲ್ಲ ಮಕ್ಕಳೂ ಎಲ್ಲರಿಗೂ ಹೊಂದಿಕೊಳ್ಳಬೇಕು.

ಅವರಿಗೆ ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಹಾಲವ್ವ ಎಂಬ ಕೆಲಸದವಳು ತಾಯಿಗೆ ಹುಷಾರಿಲ್ಲವೆಂದು ಒಂದೇ ದಿನದಲ್ಲಿ ಊರಿಗೆ ಹೋದಳು, ತಿರುಗಿ ಬರಲಿಲ್ಲ. ಅವಳನ್ನು ಹಚ್ಚಿಕೊಂಡಿದ್ದ ಒಂದು ಹೆಣ್ಣುಕೂಸು ಹಾಲು ಕುಡಿಯುವುದನ್ನೇ ಬಿಟ್ಟಿತು. ಆಸ್ಪತ್ರೆಗೆ ಸೇರಿಸಿ ಸಲೈನ್ ಹಾಕಿಸಬೇಕಾಯಿತು. ನೇತ್ರಾ ಎರಡು ದಿನ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಕೂಸಿನ ಅಪ್ಪ ಎಲ್ಲರೆದುರು ಬೈದಿದ್ದ. "ಮತ್ತೆ ಅಂಥದ್ದು ನನ್ನ ಕೈಲಿ ನೋಡಕ್ಕಾಗಲ್ಲ" ಎಂದರು ಈಗ. "ಯಾವ ಮಗೂನೂ ಒಬ್ಬರಿಗೇ ಅಂಟಿಕೋಬಾರದು. ವನಮಾಲಾ, ಸೋಮವಾರದಿಂದ ನೀವು ಆಚೆ ಫ್ಲ್ಯಾಟಿಗೆ. ಸಾಧನಾ ಇಲ್ಲೇ ಇರಲಿ."

"ಸೋಮವಾರದಿಂದನ ಏನ್ರಿ?"

"ಹೌದು. ಮತ್ತೆ ದಯವಿಟ್ಟು ಸ್ವಲ್ಪ ದಿನ ಆ ಮಕ್ಕಳ ಕಣ್ಣಿಗೆ ಬೀಳಬೇಡಿ. ನಿಮ್ಮನ್ನ ನೋಡಿದ್ರೆ ಇನ್ನೂ ಜಾಸ್ತಿ ಅಳ್ತಾರೆ."

ಆ ಹೆಣ್ಣುಕೂಸಿನ ಗಲಾಟೆಯ ಹೊತ್ತಿಗೆ ವನಮಾಲಾಳೂ ಅಲ್ಲಿ ಇದ್ದಳು. ನೇತ್ರಾ ಹೇಳುವುದರಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಲು ಅವಳಿಗೆ ಆಗ ತಿಳಿಯಲಿಲ್ಲ.

ಸೋಮವಾರ ಆಚೆ ಫ್ಲ್ಯಾಟಿನ ದೊಡ್ಡ ಮಕ್ಕಳಿಗೆ ಕಾಗದ ಹರಿದು ಅಂಟಿಸಲು ಕೊಟ್ಟು ಕೂತಿದ್ದಾಗ ಪ್ಯಾಸೇಜಿನಾಚೆಯಿಂದ ಅಳು ಕೇಳಿಸಿತು. ಯಾರದ್ದೆಂದು ಬಾಗಿಲು ತೆರೆದು ನೋಡಬೇಕಾಗಿರಲಿಲ್ಲ. ಹಸಿವಿನ ಅಳುವಲ್ಲ, ಬಿದ್ದು ನೋವಾದ ಅಳುವೂ ಅಲ್ಲ. ಸ್ವಲ್ಪ ಹೊತ್ತು ಜೋರಾಗಿ ಅತ್ತು, ನಿಲ್ಲಿಸಿ, ಯಾರಾದರೂ ಬರುತ್ತಾರೋ ಎಂದು ಕಿವಿಗೊಟ್ಟು, ಮತ್ತೆ ಅಳುವ ಅಳು. ಅವಳ ಮುಂದಿದ್ದ ಹುಡುಗಿಯೊಬ್ಬಳು, "ಟೀಚರ್, ಗೋಂದು ಕೊಡಿ" ಎಂದು ಮೂರು ಸಲ ಕೇಳಿದ್ದು ಆಮೇಲೆ ಗೊತ್ತಾಯಿತು.

ಆ ವಾರವೆಲ್ಲ ಹಾಗೆಯೇ ಹೋಯಿತು. ಗುರುವಾರವೋ ಶುಕ್ರವಾರವೋ, ಸಾಧನಾ ಅವನನ್ನು ಎತ್ತಿಕೊಂಡು ಸಮಾಧಾನ ಮಾಡಲು ಪ್ಯಾಸೇಜಿಗೆ ಬಂದಳು. ಅದೇ ಹೊತ್ತಿಗೆ ವನಮಾಲಾ ನೀರಿನ ಜಗ್ ಹಿಡಿದು ಹೊರಗೆ ಬಂದಿದ್ದಳು. ಕಿಟ್ಟು ಅವಳನ್ನು ನೋಡಿದ್ದೇ ಸಾಧನಾಳ ತೋಳಿನಿಂದ ಮೈಯನ್ನೆಲ್ಲ ಮುಂದಕ್ಕೆ ಎಸೆದ. ಜಗ್ ಕೆಳಗಿಟ್ಟಳೋ ಬಿಟ್ಟಳೋ, ನೀರೆಲ್ಲ ಚಪ್ಪಲಿಗಳ ಮೇಲೆ ಹೋಯಿತು. ಅವನು ಅವಳ ಕುತ್ತಿಗೆಗೆ ಮುಖ ಒತ್ತಿ, ಒಂದು ಬಿಕ್ಕು, ಎರಡು ಬಿಕ್ಕು, ಹಾಗೆಯೇ ನಿದ್ದೆಹೋದ. ವನಮಾಲಾ ಗೋಡೆಗೆ ಒರಗಿ ನಿಂತಳು. ಅವನ ಉಸಿರು ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿತ್ತು. ಆ ಒಂದು ವಾರದಲ್ಲಿ ತನ್ನನ್ನು ಯಾರೂ ಹೀಗೆ ಮುಟ್ಟಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ನೇತ್ರಾ ಬಂದರು. ನೋಡಿದರು. ಕೂಸನ್ನು ಒಳಗೆ ಮಲಗಿಸಿದ ಮೇಲೆ ಅವಳನ್ನು ತಮ್ಮ ಮೇಜಿನ ಹತ್ತಿರ ಕರೆದರು. ಬೈಯಲಿಲ್ಲ. ದನಿಯನ್ನೂ ಎತ್ತಲಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವನಿಗೆ ನೀವು ಬೇಕೋ, ನಿಮಗೆ ಅವನು ಬೇಕೋ?"

ವನಮಾಲಾ ಮೇಜಿನ ಮೇಲಿದ್ದ ಬಣ್ಣದ ಪೆನ್ಸಿಲುಗಳನ್ನು ನೋಡುತ್ತ ನಿಂತಳು.

"ಅಮ್ಮ ಹೋದ ಮೇಲೆ ನೀವು ಒಬ್ಬರೇ ಆಗಿಬಿಟ್ಟಿದ್ದೀರಿ. ನನಗೆ ಅರ್ಥ ಆಗುತ್ತೆ. ಆದ್ರೆ ಅದರ ಭಾರ ಮಗು ಮೇಲೆ ಬೀಳಬಾರದು ಅಲ್ವಾ."

ಆ ಮಾತು ಅವಳ ಜೊತೆ ಮನೆಯವರೆಗೂ ಬಂತು. ಒಬ್ಬಳಿಗೆ ಬೇಕಾದಷ್ಟು ಅಕ್ಕಿ ತೊಳೆದಿಟ್ಟು, ಸ್ಟೋವ್ ಹಚ್ಚದೆ ಕೂತಳು. ನೇತ್ರಾ ಸುಳ್ಳು ಹೇಳಿರಲಿಲ್ಲ. ಬೆಳಗ್ಗೆ ಆ ಕೂಸು ಕೈ ಚಾಚಿ ಬರುವಾಗ ತುಂಬಿಕೊಳ್ಳುತ್ತಿದ್ದದ್ದು ಯಾರ ಎದೆ? ಅವನು ಬೇರೆ ಯಾರ ಬಳಿಗೂ ಹೋಗದಿದ್ದಾಗ ಒಳಗೊಳಗೆ ಹಿಗ್ಗುತ್ತಿದ್ದವರು ಯಾರು? ಪಕ್ಕದ ಕೋಣೆಯಲ್ಲಿ ಟೀವಿಯ ಸೀರಿಯಲ್ಲು ನಡೆಯುತ್ತಿತ್ತು. ಇಷ್ಟು ದಿನ ತಾನು ಮಾಡಿದ್ದು ಆರೈಕೆಯೋ, ತನ್ನ ಒಂಟಿತನಕ್ಕೆ ಮಾಡಿಕೊಂಡ ಔಷಧವೋ ಎಂದು ಅವಳಿಗೆ ನಾಚಿಕೆಯಾಯಿತು. ಮರುದಿನದಿಂದ ಪ್ಯಾಸೇಜಿನ ಬಾಗಿಲು ತೆರೆಯುವ ಮೊದಲು ಆಚೆ ಯಾರಾದರೂ ಇದ್ದಾರೆಯೇ ಎಂದು ಕಿವಿಗೊಟ್ಟು ಕೇಳತೊಡಗಿದಳು. ಇದ್ದರೆ ಒಳಗೇ ಉಳಿಯುತ್ತಿದ್ದಳು.

ಕೆಲವು ದಿನಗಳಲ್ಲಿ ಅಳು ನಿಂತಿತು.

ಎಲ್ಲರಿಗೂ ಹಾಯೆನಿಸಿತು. ನೇತ್ರಾ ಚಹಾದ ಹೊತ್ತಿಗೆ ಅವಳ ಭುಜ ಮುಟ್ಟಿ, "ನೋಡಿದ್ರಾ, ಹೊಂದ್ಕೊಂಡ" ಎಂದರು. ಸಂಜೆ ಗೇಟಿನ ಬಳಿ ಸ್ನೇಹಲ್ ಸಿಕ್ಕಳು. ಮಗು ಅವಳ ಹೆಗಲ ಮೇಲೆ ತಲೆಯಿಟ್ಟು ರಸ್ತೆಯ ಕಡೆ ನೋಡುತ್ತಿತ್ತು.

"ಈಗ ಅಳೂದೇ ಇಲ್ಲ ತಾಯಿ! ಏಕದಂ ಶಹಾಣಾ ಝಾಲಾ, ಶಾಣ್ಯಾ ಆಗ್ಯಾನ. ಮುಂಜಾನೆ ಬಿಟ್ಟ ಹೋದ್ರ ತಿರುಗಿ ಸುದ್ದಾ ನೋಡೂದಿಲ್ಲ." ಸ್ನೇಹಲ್ ನಕ್ಕಳು. ಆಮೇಲೆ ನಗು ಸ್ವಲ್ಪ ಸಡಿಲಾಯಿತು. "ಮನ್ಯಾಗೂ ಶಾಂತ ಆಗ್ಯಾನ. ಏನೂ ಬೇಡೂದಿಲ್ಲ. ಮೊದಲ ಸೌಟ ಬೇಕು, ಡಬ್ಬಿ ಬೇಕು ಅಂತ ಕಿಚನ್ ಎಲ್ಲಾ ಎಳದ ಹಾಕತಿದ್ದಾ. ಅದು ಛಲೋನೇ ಅಲ್ಲ, ತಾಯಿ?"

"ಊಟ ಮಾಡತಾನೇನು?" ಎಂದಷ್ಟೇ ಕೇಳಿದಳು ವನಮಾಲಾ.

"ಹೂಂ, ಕೊಟ್ಟಷ್ಟ ತಿಂತಾನ." ರಿಕ್ಷಾ ಬಂತು. ಸ್ನೇಹಲ್ ಹತ್ತಿಕೊಂಡಳು.

ಎರಡು ದಿನ ಬಿಟ್ಟು, ದೊಡ್ಡ ಮಕ್ಕಳಿಗೆ ಚಾಪೆ ಸಾಲದೆ, ವನಮಾಲಾ ಎಡಗಡೆಯ ಫ್ಲ್ಯಾಟಿಗೆ ಹೋಗಲೇಬೇಕಾಯಿತು. ಬಾಗಿಲು ತಳ್ಳಿದಳು. ಬೇರೆ ಕೂಸುಗಳು ಸಾಧನಾಳ ಸುತ್ತ ಇದ್ದವು. ಕಿಟ್ಟು ಗೋಡೆಯ ಬದಿಗೆ ಒಬ್ಬನೇ ಕೂತು ಸ್ಟೀಲಿನ ಲೋಟವೊಂದನ್ನು ತಿರುಗಿಸುತ್ತಿದ್ದ. ಬಡಿಯುತ್ತಿರಲಿಲ್ಲ, ಬಾಯಿಗೆ ಇಡುತ್ತಿರಲಿಲ್ಲ. ಸುಮ್ಮನೆ ತಿರುಗಿಸುತ್ತಿದ್ದ. ಬಾಗಿಲಿನ ಸದ್ದಿಗೆ ತಲೆಯೆತ್ತಿದ. ಅವಳನ್ನು ನೋಡಿದ. ಗುರುತು ಸಿಕ್ಕಿತ್ತು, ಅದು ಅವನ ಕಣ್ಣಲ್ಲಿ ಕಂಡಿತು. ಆಮೇಲೆ ತಲೆ ತಗ್ಗಿಸಿ ಮತ್ತೆ ಲೋಟ ತಿರುಗಿಸತೊಡಗಿದ.

ವನಮಾಲಾ ಚಾಪೆ ತೆಗೆದುಕೊಂಡು ಬಂದಳು. ಮೊದಲು ಅನಿಸಿದ್ದು, ನನ್ನನ್ನು ಬೇಡವೆಂದನಲ್ಲ ಎಂಬ ನೋವು. ಆ ನೋವು ತನ್ನದು, ತನಗೆ ಸೇರಿದ್ದು, ಅದನ್ನು ಬದಿಗಿಡಬೇಕು ಎಂದುಕೊಂಡಳು. ಬದಿಗಿಟ್ಟ ಮೇಲೂ ಇನ್ನೇನೋ ಉಳಿಯಿತು. ಅದು ಭಯ. ಬೇಕಾದದ್ದನ್ನು ಕೇಳಿ ಕೇಳಿ ಸಿಗದೆ, ಕೇಳುವುದನ್ನೇ ಬಿಟ್ಟ ಕೂಸಿನ ಮುಖ ಅದು. ಒಂದೂವರೆ ವರ್ಷವೂ ತುಂಬಿರಲಿಲ್ಲ ಅವನಿಗೆ.

ಮಕ್ಕಳೆಲ್ಲ ಹೋದ ಮೇಲೆ ಅವಳು ನೇತ್ರಾರ ಮುಂದೆ ನಿಂತಳು.

"ಮೇಡಂ, ನೀವ ಅವತ್ತ ಕೇಳಿದ್ರಿ, ಅವಗ ನಾ ಬೇಕೋ, ನನಗ ಅವಾ ಬೇಕೋ ಅಂತ. ನನಗೂ ಅವಾ ಬೇಕ್ರಿ. ಸುಳ್ಳ ಯಾಕ ಹೇಳ್ಲಿ. ಆದ್ರ ಈಗ ನಾ ಅವನ್ನ ವಾಪಸ್ ಕೊಡ್ರಿ ಅಂತ ಕೇಳಾಕ ಬಂದಿಲ್ಲ."

"ಮತ್ತೆ?"

"ಅವಾ ಹೊಂದ್ಕೊಂಡಿಲ್ರಿ. ಸುಮ್ಮನಾಗ್ಯಾನ. ಹೊಂದ್ಕೊಂಡ ಕೂಸು ಹಟ ಮಾಡತದ, ಗದ್ದಲ ಹಾಕತದ, ಮತ್ತೊಬ್ಬರ ಸೆರಗ ಹಿಡದ ಜಗ್ಗತದ. ಇವಾ ಯಾರದ್ದೂ ಹಿಡಿವಲ್ಲ. ನಾವ ನನ್ನ ಕೈಯಿಂದ ಅವನ್ನ ತಗೊಂಡ್ವಿ, ಆದ್ರ ಸಾಧನಾನ ಕೈಯಾಗ ಕೊಡ್ಲೇ ಇಲ್ಲ. ನಡುವ ನೆಲದ ಮ್ಯಾಲೆ ಬಿಟ್ಟೇವಿ."

ನೇತ್ರಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಆ ಹುಡುಗಿ ಆಸ್ಪತ್ರೆ ಸೇರಿದ್ದು? ಅದು ಅಂಟಿಕೊಂಡಿದ್ದಕ್ಕೇ ತಾನೆ?"

"ಅಂಟಿಕೊಂಡಿದ್ದಕ್ಕಲ್ರಿ. ಹಾಲವ್ವ ಹೇಳದ ಹೋದ್ಲಲ್ಲ, ಅದಕ್ಕ. ಪಾಪ, ಆಕಿಗೂ ಬ್ಯಾರೆ ದಾರಿ ಇರ್ಲಿಲ್ಲ. ಆದ್ರ ಇಲ್ಲೆ ಯಾರಿಗೂ ಊರಿಗೆ ಓಡೂ ಅವಸರ ಇದ್ದಿಲ್ಲ. ನಾವ ಬೇಕಂತ ಹಂಗ ಮಾಡಿದ್ವಿ."

ನೇತ್ರಾ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, "ನಾಳೆ ನಾನೇ ಹೋಗಿ ಕೂತು ನೋಡ್ತೀನಿ" ಎಂದರು.

ಮರುದಿನ ಅವರು ಫೋನು ಮೇಜಿನ ಮೇಲೆ ಬಿಟ್ಟು, ಎಡಗಡೆಯ ಫ್ಲ್ಯಾಟಿನ ನೆಲದ ಮೇಲೆ ಊಟದ ಹೊತ್ತಿನವರೆಗೂ ಕೂತರು. ಹೊರಗೆ ಬಂದಾಗ ಮುಖ ಸಪ್ಪಗಿತ್ತು. "ಒಂದು ಸಲಾನೂ ನನ್ನ ಹತ್ರ ಬರಲಿಲ್ಲ. ಅದು ಬಿಡಿ, ಸಾಧನಾ ಹತ್ರಾನೂ ಹೋಗಲಿಲ್ಲ. ಬಾಲ್ ಉರುಳಿ ದೂರ ಹೋಯ್ತು, ಯಾರನ್ನೂ ಕೇಳಲಿಲ್ಲ, ನೋಡ್ತಾ ಕೂತ" ಎಂದರು. ಸ್ವಲ್ಪ ತಡೆದು, "ಏನು ಮಾಡ್ಬೇಕು ಅಂತೀರಿ?"

"ನನ್ನ ಕೆಲವು ದಿನ ಆ ರೂಮಿನ್ಯಾಗ ಕೂಡ್ರಿಸ್ರಿ. ಅವಾ ತಾನಾಗಿ ಸಾಧನಾನ ಕಡೆ ಹೋಗೂ ತನಕ. ಆಮೇಲೆ ನಾನ ಎದ್ದ ಬರತೀನಿ. ಆದ್ರ ಸಾಧನಾನ ಮತ್ತ ಬದಲಿ ಮಾಡಬ್ಯಾಡ್ರಿ. ಅವಾ ದೊಡ್ಡಾವ ಆಗೂತನಕ ಆಕಿ ಅವನ ಕೂಡ ಇರ್ಲಿ."

"ನಿಮಗೆ ಕಷ್ಟ ಆಗಲ್ವಾ?"

ವನಮಾಲಾ ಬಗ್ಗಿ ಚಪ್ಪಲಿಗಳನ್ನು ಸ್ಟ್ಯಾಂಡಿನಲ್ಲಿ ಜೋಡಿಸತೊಡಗಿದಳು. ನೇತ್ರಾ ಅವಳನ್ನೇ ನೋಡಿ, "ದಸರಾ ತನಕ ನೋಡೋಣ. ಅಲ್ಲಿವರೆಗೆ ಆಚೆ ಫ್ಲ್ಯಾಟು ನಾನು ನೋಡ್ಕೋತೀನಿ" ಎಂದರು.

ಮೊದಲ ದಿನ ವನಮಾಲಾ ಕೋಣೆಯೊಳಗೆ ಹೋಗಿ, ಅವನಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತಳು. ಕರೆಯಲಿಲ್ಲ. ಕಿಟ್ಟು ಅವಳ ಕಡೆ ಬೆನ್ನು ಮಾಡಿ ಕೂತ. ಊಟವಾಯಿತು, ನಿದ್ದೆಯಾಯಿತು. ಮಧ್ಯಾಹ್ನದ ಮೇಲೆ ಎದ್ದು ಬಂದ, ಅವಳ ಮುಂದೆ ನಿಂತ, ಕೈಯೆತ್ತಿ ಅವಳ ಕೆನ್ನೆಗೆ ಬಾರಿಸಿದ. ಮತ್ತೊಂದು. ಅವಳು ಆ ಕೈ ಹಿಡಿಯಲು ಹೋದಾಗ ಬಗ್ಗಿ ಮುಂಗೈಯನ್ನು ಕಚ್ಚಿದ.

"ಅರೇ!" ಎಂದು ಸಾಧನಾ ಓಡಿ ಬಂದಳು.

"ಇರಲಿ, ಬಿಡು" ಎಂದಳು ವನಮಾಲಾ. ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. "ಸಿಟ್ಟ ಬಂದದ ನಿನಗ. ನಾ ಹೇಳದ ಹೋದೆ. ಹೌದಪ್ಪ, ಹೇಳದ ಹೋದೆ."

ಆಗ ಅವನು ಅತ್ತ. ಇಷ್ಟು ದಿನ ಕಟ್ಟಿಟ್ಟಿದ್ದನ್ನೆಲ್ಲ ಒಂದೇ ಸಲ ಬಿಟ್ಟಂತೆ, ನೆಲದ ಮೇಲೆ ಬಿದ್ದು, ಕಾಲು ಬಡಿದು ಅತ್ತ. ಎದುರಿನ ಫ್ಲ್ಯಾಟಿನ ಮಕ್ಕಳು ಬಾಗಿಲಿಗೆ ಬಂದು ಇಣುಕಿದರು. ಸಾಧನಾ ಗಿಲಕಿ ತಂದಳು. ವನಮಾಲಾ ಬೇಡವೆಂದು ತಲೆಯಾಡಿಸಿದಳು. ಸುಮ್ಮನಿರು ಎಂದು ಒಮ್ಮೆಯೂ ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದಳು, ಅಷ್ಟೇ. ಕೊನೆಗೆ ಅವನೇ ತೆವಳಿಕೊಂಡು ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟ.

ಅಲ್ಲಿಂದ ಮುಂದಿನ ಕೆಲಸ ಅವಳು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಅವನನ್ನು ತನ್ನ ಬಳಿ ಕರೆತರುವುದು ಅವಳಿಗೆ ಗೊತ್ತಿತ್ತು. ತನ್ನಿಂದ ಕಳಿಸುವುದನ್ನು ಮಾಡಿ ಗೊತ್ತಿರಲಿಲ್ಲ. ಅವನಿಗೆ ಎರಡು ಚಮಚ ಬೇಕೆಂದು, ಡೈಪರ್ ಬದಲಿಸುವಾಗ ಹೇಳಿ ಕಾಯಬೇಕೆಂದು ಸಾಧನಾಳಿಗೆ ಹೇಳಿಕೊಟ್ಟಳು. ಸಾಧನಾ ಕೇಳಿಸಿಕೊಂಡು, "ಈಗ... ಕಾಲ ಎತ್ತು... ಎತ್ತೋಗೇ ಕ್ಯಾ?" ಎನ್ನುತ್ತಿದ್ದಳು. ಕಿಟ್ಟು ಆ ಭಾಷೆ ಕೇಳಿ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಹಂಗಲ್ಲ ಸಾಧನಾ, ಸಾವಕಾಶ. ನಾ ಹೇಳಿದಂಗ ಹೇಳು."

"ತಾಯಿ, ನಿಮ್ಮ ಹಾಗೆ ನನಗೆ ಆಗಲ್ಲ" ಎಂದಳು ಸಾಧನಾ ಒಂದು ದಿನ, ಮುಖ ಕೆಂಪಗೆ ಮಾಡಿಕೊಂಡು. "ನಾನು ನೀವು ಅಲ್ಲ ನಾ! ಮೈ ಅಪನೇ ಹಿಸಾಬ್ ಸೇ ಕರೂಂ? ನನ್ನ ರೀತೀಲಿ?"

ವನಮಾಲಾಳಿಗೆ ಸಿಟ್ಟು ಬಂತು. ಆದರೂ ಹಿಂದೆ ಸರಿದಳು. ಸಾಧನಾ ಕಿಟ್ಟುವಿನ ಅಂಗಿ ಎತ್ತಿ, ಹೊಟ್ಟೆಯ ಮೇಲೆ ಬಾಯಿಟ್ಟು ಪುರ್ರೆಂದು ಊದಿದಳು. ಅವನು ಬೆಚ್ಚಿ ನೋಡಿದ. ಮತ್ತೆ ಊದಿದಳು. ಈ ಸಲ ಅವನಿಗೆ ನಗು ಬಂತು. ಬಿಕ್ಕಳಿಕೆ ಬರುವಷ್ಟು ನಗು, ಇನ್ನೂ ಹಲ್ಲು ಬರದ ಹಿಂದಿನ ಒಸಡೂ ಕಾಣುವಷ್ಟು ನಗು. ವನಮಾಲಾಳ ಬಳಿ ಅವನು ಯಾವತ್ತೂ ಹಾಗೆ ನಕ್ಕಿರಲಿಲ್ಲ. ಅವಳ ಬಳಿ ಅವನು ಶಾಂತವಾಗುತ್ತಿದ್ದ, ಹೆಗಲಿಗೆ ಒರಗುತ್ತಿದ್ದ. ಇಂಥ ನಗು ಅವನೊಳಗೆ ಇದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನದ ಡಬ್ಬಿಯನ್ನು ಅವಳು ಪೂರ್ತಿ ತಿನ್ನಲಿಲ್ಲ.

ದಸರಾಕ್ಕೆ ಇನ್ನೂ ಸ್ವಲ್ಪ ದಿನವಿದ್ದಾಗ ಆ ಗಳಿಗೆ ಬಂತು. ಕಿಟ್ಟು ಕಿಟಕಿಯ ಕಡೆ ಓಡುತ್ತ ಓಢಣಿಗೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿ ಬಿದ್ದ. ತುಟಿ ನೆಲಕ್ಕೆ ಬಡಿಯಿತು. ಒಂದು ಬದಿಗೆ ವನಮಾಲಾ, ಇನ್ನೊಂದು ಬದಿಗೆ ಸಾಧನಾ. ಎದ್ದು ನಿಂತು ಮೊದಲು ವನಮಾಲಾಳನ್ನೇ ನೋಡಿದ. ಅವಳ ಎರಡೂ ಕೈ ತಾವಾಗಿ ಮೇಲೆದ್ದಿದ್ದವು. ಅವಳು ಅವುಗಳನ್ನು ಕೆಳಗಿಳಿಸಿ ತೊಡೆಯ ಕೆಳಗೆ ಸೇರಿಸಿ ಕೂತಳು. ಮುಖ ಮಾತ್ರ ಅವನಿಂದ ತಿರುಗಿಸಲಿಲ್ಲ. "ಪೆಟ್ಟಾತು. ನೋಡಿದೆ ನಾ. ಸಾಧನಾನೂ ನೋಡ್ಯಾಳ" ಎಂದಳು. ಸಾಧನಾ ಮಂಡಿಯೂರಿ ಕೈ ಚಾಚಿದಳು. ಅವನು ಅಲ್ಲಿಯೇ ನಿಂತು ಅತ್ತ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿದ. ಆಮೇಲೆ ಸಾಧನಾಳ ಕಡೆ ಹೋದ.

ಮರುದಿನ ಬೆಳಗ್ಗೆ ವನಮಾಲಾ ಅವನ ಮುಂದೆ ಕೂತು ಹೇಳಿದಳು: "ನಾ ಈಗ ಆಚೆ ರೂಮಿಗೆ ಹೋಗತೀನಿ. ಅಲ್ಲೇ ಇರತೀನಿ. ಸಾಧನಾ ನಿನ್ನ ಕೂಡ ಇರತಾಳ. ಟಾಟಾ ಮಾಡತೀಯೇನು?" ಅವನಿಗೆ ಎಷ್ಟು ತಿಳಿಯಿತೋ. ತುಟಿ ಮುಂದಕ್ಕೆ ಬಂತು, ಸ್ವಲ್ಪ ಅತ್ತ. ಸಾಧನಾ ಎತ್ತಿಕೊಂಡು ಕಿಟಕಿಯ ಬಳಿ ಹೋಗಿ ಹೊರಗೆ ಮಲಗಿದ್ದ ಬೆಕ್ಕನ್ನು ತೋರಿಸಿದಳು. ಪ್ಯಾಸೇಜು ದಾಟುವಷ್ಟರಲ್ಲಿ ಅಳು ನಿಂತಿತು. ಈ ಸಲ ಅದರ ಹಿಂದೆಯೇ, ಬೆಕ್ಕನ್ನು ಕರೆಯುವ ಅವನ ಕೂಗು ಕೇಳಿಸಿತು. ವನಮಾಲಾ ಬಲಗಡೆಯ ಬಾಗಿಲು ತೆರೆದು ಒಳಗೆ ಹೋದಳು.

ನೇತ್ರಾ ತಿಂಗಳ ಬದಲಿಯ ನಿಯಮ ಬಿಟ್ಟರು. ಪ್ರತಿ ಕೂಸಿಗೂ ಒಬ್ಬರು ಎಂದಾಯಿತು. ಯಾರಾದರೂ ಬಿಟ್ಟು ಹೋಗುವುದಿದ್ದರೆ ಹೀಗೆಯೇ ಕೂತು ಒಪ್ಪಿಸಿ ಹೋಗಬೇಕು ಎಂದಾಯಿತು. ಸ್ನೇಹಲ್ ಒಂದು ಸಂಜೆ, ಮನೆಯ ಡಬ್ಬಿಗಳೆಲ್ಲ ಮತ್ತೆ ನೆಲಕ್ಕೆ ಬಂದಿವೆ ಎಂದು ದೂರು ಹೇಳುತ್ತ ನಕ್ಕಳು. ಆ ದೂರನ್ನು ಅವಳು ಹೇಳಿದ್ದು ಸಾಧನಾಳಿಗೆ.

ಮುಂದಿನ ವರ್ಷ ಮೇ ತಿಂಗಳಲ್ಲಿ ವಿಕ್ರಂಗೆ ಪುಣೆಯಲ್ಲಿ ಕಾಯಂ ಕೆಲಸವಾಯಿತು. ಮನೆ ಬದಲಿಸುತ್ತೇವೆಂದು ಸ್ನೇಹಲ್ ಪೇಢೆಯ ಡಬ್ಬಿ ಹಿಡಿದು ಬಂದಳು. ಕಿಟ್ಟುವಿಗೆ ಆಗಷ್ಟೇ ಎರಡು ತುಂಬಿತ್ತು, ಇನ್ನೂ ಎಡಗಡೆಯ ಫ್ಲ್ಯಾಟಿನಲ್ಲೇ ಇದ್ದ. ಬಾಯಿ ತುಂಬ ಮಾತು, ಕನ್ನಡ ಮರಾಠಿ ಹಿಂದಿ ಎಲ್ಲ ಕಲಸಿದ್ದು. ಸಾಧನಾಳ ಸೊಂಟಕ್ಕೆ ಕಾಲು ಸುತ್ತಿ, ಇಳಿಯುವುದಿಲ್ಲವೆಂದು ಹಟ ಹಿಡಿದ. ಸಾಧನಾ ನಗಿಸುತ್ತಲೇ ಅವನನ್ನು ಅಮ್ಮನ ಕೈಗೆ ಕೊಟ್ಟಳು. ರಿಕ್ಷಾ ಹತ್ತುವ ಮೊದಲು ಸ್ನೇಹಲ್, "ಸಗಳ್ಯಾಂನಾ ಟಾಟಾ ಕರ್" ಎಂದಳು. ಅವನು ಎಲ್ಲರಿಗೂ ಕೈ ಬೀಸಿದ. ವಾಚ್‌ಮನ್‌ಗೆ ಬೀಸಿದ, ನೇತ್ರಾರಿಗೆ ಬೀಸಿದ, ಬಾಗಿಲ ಬಳಿ ನಿಂತಿದ್ದ ವನಮಾಲಾಳಿಗೂ ಹಾಗೆಯೇ ಬೀಸಿ, "ಟೀಚರ್, ಟಾಟಾ" ಎಂದ.

ರಿಕ್ಷಾ ಹೋಯಿತು. ಸಾಧನಾ ಪ್ಯಾಸೇಜಿಗೆ ಬಂದು, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕುಸಿದು ಕೂತು ಅಳತೊಡಗಿದಳು. ವನಮಾಲಾ ಅವಳ ಬಳಿ ಕೂತಳು.

"ಅವನಿಗೆ ನನ್ನ ನೆನಪು ಇರುತ್ತಾ, ತಾಯಿ?"

"ಇಲ್ಲ."

"ಸ್ವಲ್ಪಾನೂ?"

"ಇಷ್ಟ ಸಣ್ಣಾವಿದ್ದಾಗಿಂದ ಯಾರಿಗೂ ನೆನಪ ಇರೂದಿಲ್ಲವಾ. ನನಗ ನಿನಗ ಇರತದ."

"ಫಿರ್?" ಎಂದು ಸಾಧನಾ ತಲೆಯೆತ್ತಿದಳು. "ಫಿರ್ ಕಿಸ್ ಲಿಯೇ? ಇದೆಲ್ಲ ಯಾತಕ್ಕೆ?"

ವನಮಾಲಾ ಯೋಚಿಸಿದಳು. ಏನಾದರೂ ಹೇಳಬೇಕು ಅನಿಸಿತು. ಹೇಳಲು ಹೋದರೆ ಎಲ್ಲವೂ ದೊಡ್ಡ ಮಾತಾಗಿ ಕೇಳುತ್ತಿತ್ತು. ಅವಳು ಸಾಧನಾಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಹುಡುಗಿ ಬಿಕ್ಕುತ್ತಿದ್ದಳು, ಅವಳ ಕೂದಲಿಗೆ ಬೇಬಿ ಪೌಡರಿನ ವಾಸನೆಯಿತ್ತು.

ಒಳಗೆ ದೊಡ್ಡ ಮಕ್ಕಳು ನಿದ್ದೆಯಿಂದ ಏಳುವ ಹೊತ್ತಾಗಿತ್ತು. ಯಾರೋ ನೀರು ಬೇಕೆಂದು ಕೂಗಿದರು. "ಬಂದೆ" ಎಂದಳು ವನಮಾಲಾ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದು, ಆಮೇಲೆ ಸೆರಗಿನಿಂದ ಸಾಧನಾಳ ಮುಖ ಒರೆಸಿ ಎದ್ದಳು.